ಹೊಟ್ಟೆಯ ನೀರಿನಲ್ಲಿ ಆಕ್ಸಿಜನ್ ಎಷ್ಟಿದೆ?

ಜಠರದ ಕ್ಯಾನ್ಸರ್ ತುಂಬಾ ಮುಂದುವರಿದಾಗ ಕೆಲವರ ಹೊಟ್ಟೆ ಉಬ್ಬಿ ಬಿಗಿಯಾಗುತ್ತದೆ. 'ಹೊಟ್ಟೆಯಲ್ಲಿ ನೀರು ತುಂಬಿದೆ' ಎನ್ನುತ್ತಾರೆ ಡಾಕ್ಟರು. ಜಲೋದರ ಎಂಬ ಹಳೆಯ ಹೆಸರೂ ಇದೆ. ಆದರೆ ಇದು ಬರೀ ನೀರಲ್ಲ, ರಕ್ತನಾಳಗಳಿಂದ ಸೋರಿದ ದ್ರವ. ಪ್ರೋಟೀನ್, ಬಿಳಿ ರಕ್ತಕಣಗಳ ಜೊತೆಗೆ ಜಠರದಿಂದ ಕಳಚಿಕೊಂಡ ಕ್ಯಾನ್ಸರ್ ಕೋಶಗಳೂ ಇದರಲ್ಲಿ ತೇಲುತ್ತಿರುತ್ತವೆ. ಆರೋಗ್ಯವಾಗಿರುವವರ ಹೊಟ್ಟೆಯೊಳಗೆ ಈ ದ್ರವ ಕೆಲವೇ ಚಮಚದಷ್ಟಿರುತ್ತದೆ, ಕರುಳು ಉಜ್ಜದೆ ಜಾರಲು ಅಷ್ಟು ಸಾಕು. ಜಲೋದರದಲ್ಲಿ ಅದು ಹಲವು ಲೀಟರ್ ಆಗಬಹುದು.

ತೇಲುವ ಆ ಕೋಶಗಳಿಗೆ ಆಕ್ಸಿಜನ್ ಎಲ್ಲಿಂದ ಬರಬೇಕು?

ಆಕ್ಸಿಜನ್‌ಗೆ ನೀರಿನಲ್ಲಿ ಕರಗುವುದೆಂದರೆ ಅಷ್ಟಕ್ಕಷ್ಟೇ. ಶ್ವಾಸಕೋಶದಿಂದ ಬಂದ 100 ಮಿಲಿ ರಕ್ತದಲ್ಲಿ ಸುಮಾರು 20 ಮಿಲಿ ಆಕ್ಸಿಜನ್ ಇರುತ್ತದೆ. ಅದರಲ್ಲಿ ಸುಮ್ನೆ ಕರಗಿರುವುದು 0.3 ಮಿಲಿ ಮಾತ್ರ. ಮಿಕ್ಕಿದ್ದನ್ನೆಲ್ಲ ಹೊರುವುದು ಕೆಂಪು ಕಣಗಳ ಹಿಮೋಗ್ಲೋಬಿನ್. ರಕ್ತ ಬೆರೆಯದ ಜಲೋದರದ ನೀರಿನಲ್ಲಿ ಹೊರುವವರೇ ಇಲ್ಲ ಅಲ್ವಾ? ಸಾಲದ್ದಕ್ಕೆ ಅದು ಹೆಚ್ಚುಕಡಿಮೆ ನಿಂತ ನೀರು. ಹೊಟ್ಟೆಯ ಒಳಪೊರೆಯ ರಕ್ತನಾಳಗಳಿಂದ ಆಕ್ಸಿಜನ್ ತಾನಾಗಿಯೇ ಹರಡಿಕೊಂಡು ಬರಬೇಕು. ನೀರಿನಲ್ಲಿ ಅದು ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಬಂದದ್ದನ್ನೂ ದಾರಿಯಲ್ಲಿರುವ ಕೋಶಗಳು ಕಬಳಿಸುತ್ತವೆ.

ಹಾಗಾದರೆ ತೇಲುವ ಕೋಶಗಳು ಉಸಿರುಗಟ್ಟಿ ಸಾಯಬೇಕಲ್ಲ? ಕೆಲವು ಸಾಯುತ್ತವೆ. 1955ರಲ್ಲಿ ಸಂಶೋಧಕರಾದ ಥಾಮ್ಲಿನ್‌ಸನ್ ಮತ್ತು ಗ್ರೇ ಶ್ವಾಸಕೋಶದ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ರಕ್ತನಾಳದಿಂದ ಮಿಲಿಮೀಟರಿನ ಐದನೇ ಒಂದು ಭಾಗ ದೂರ ಹೋಗುವಷ್ಟರಲ್ಲಿ ಕೋಶಗಳು ಸತ್ತಿದ್ದವು. ತೊಂದರೆ ಇರುವುದು ಅರೆಬರೆ ಆಕ್ಸಿಜನ್ ಸಿಕ್ಕರೂ ಬದುಕಿ ಉಳಿಯುವ ಕೋಶಗಳಿಂದ.

ಕೋಶದೊಳಗೆ ಎಚ್‌ಐಎಫ್ ಎಂಬ ಪ್ರೋಟೀನ್ ಇದೆ. ಆಕ್ಸಿಜನ್ ಸಾಕಷ್ಟಿದ್ದರೆ ಕೋಶವೇ ಅದನ್ನು ತಯಾರಿಸಿದ ಹಾಗೆಯೇ ಒಡೆದು ಹಾಕುತ್ತದೆ. ಆಕ್ಸಿಜನ್ ಇಳಿದರೆ ಅದು ಉಳಿದುಕೊಂಡು ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ವಿಜ್ಞಾನಿಗಳಾದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಹೀಗೆ ಎದ್ದ ಜೀನ್‌ಗಳಲ್ಲೊಂದು ವಿಇಜಿಎಫ್ ಎಂಬ ಪ್ರೋಟೀನ್ ತಯಾರಿಸುತ್ತದೆ. ಅದು ಹೊಸ ರಕ್ತನಾಳ ಬೆಳೆಸುತ್ತದೆ, ಜೊತೆಗೆ ನಾಳಗಳ ಗೋಡೆಯನ್ನು ಸೋರುವಂತೆಯೂ ಮಾಡುತ್ತದೆ. ಸೋರಿದರೆ? ಹೊಟ್ಟೆಯಲ್ಲಿ ನೀರು ಇನ್ನೂ ಜಾಸ್ತಿ. ನನಗೆ ಇಡೀ ಕಥೆಯಲ್ಲಿ ತೀರಾ ದಿಗಿಲು ಹುಟ್ಟಿಸುವ ಭಾಗ ಇದೇ. ಕೊರತೆ ತುಂಬಲು ಹೊರಟ ಕೋಶ ತನ್ನ ಸುತ್ತಲಿನ ಕೆರೆಯನ್ನೇ ದೊಡ್ಡದು ಮಾಡಿಕೊಳ್ಳುತ್ತದೆ.

ಔಷಧಿಗೂ ಇದು ಅಡ್ಡಿ. ಹಲವು ಕೀಮೋ ಔಷಧಿಗಳು ಹೊಡೆಯುವುದು ಬೇಗ ಬೇಗ ಒಡೆದು ಎರಡಾಗುವ ಕೋಶಗಳನ್ನು. ಆಕ್ಸಿಜನ್ ಇಲ್ಲದವು ನಿಧಾನಿಸುತ್ತವೆ, ಏಟು ತಪ್ಪಿಸಿಕೊಳ್ಳುತ್ತವೆ.

ಅಳೆದು ನೋಡೋಣ ಎಂದರೆ ಅದೂ ಸುಲಭವಲ್ಲ. ಸಿರಿಂಜಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಆಕ್ಸಿಜನ್ ಅಳತೆ ಏರಿಬಿಡುತ್ತದೆ. ಲ್ಯಾಬಿಗೆ ಒಯ್ಯಲು ತಡವಾದರೆ, ನೀರಿನಲ್ಲಿರುವ ಕೋಶಗಳೇ ಅದನ್ನು ಮುಗಿಸಿ ಅಳತೆ ಇಳಿಸುತ್ತವೆ. ಹಾಗಾಗಿ ತೆಗೆದ ಕೂಡಲೇ, ಗಾಳಿ ತಾಗದಂತೆ ಅಳೆಯಬೇಕು.

ಇಷ್ಟೆಲ್ಲ ಪಾಡು ಯಾಕೆಂದರೆ, ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಮಾನ್ಯವಾಗಿ ಬೆಳೆಸುವುದು ನಾವು ಉಸಿರಾಡುವ ಗಾಳಿಯಲ್ಲೇ. ಅದರಲ್ಲಿ ಸುಮಾರು 21% ಆಕ್ಸಿಜನ್. ಅಂಥ ಸುಖದಲ್ಲಿ ಬೆಳೆದ ಕೋಶವನ್ನು ಕೊಂದ ಔಷಧಿ ಹೊಟ್ಟೆಯ ನಿಂತ ನೀರಿನಲ್ಲೂ ಕೊಂದೀತೆಂದು ಹೇಳುವುದು ಹೇಗೆ? ಅದಕ್ಕೇ ಕೆಲವು ಪ್ರಯೋಗಗಳಲ್ಲಿ ಈಗ ಆಕ್ಸಿಜನ್ 1%ಕ್ಕೆ ಇಳಿಸಿದ ಪೆಟ್ಟಿಗೆಗಳಲ್ಲಿ ಕೋಶಗಳನ್ನು ಬೆಳೆಸಿ, ಅದೇ ಔಷಧಿಯನ್ನು ಮತ್ತೆ ಹಾಕಿ ನೋಡುತ್ತಾರೆ.