‘ಹಾಲು ಒಗ್ಗುವುದಿಲ್ಲ’ ಎನ್ನುವಾಗ

ದೊಡ್ಡ ಲೋಟದ ತುಂಬ ಹಾಲು ಕುಡಿದ ಒಂದೆರಡು ಗಂಟೆಯಲ್ಲಿ ಕೆಲವರಿಗೆ ಹೊಟ್ಟೆ ಉಬ್ಬರಿಸಿ, ಗುಡುಗುಟ್ಟಿ, ಭೇದಿಯಾಗುತ್ತದೆ. ಇನ್ನೊಂದು ಮನೆಯಲ್ಲಿ, ಎಂಟು ತಿಂಗಳ ಕೂಸಿಗೆ ಹಸುವಿನ ಹಾಲು ಬೆರೆಸಿದ ರಾಗಿ ಸರಿಯನ್ನು ಎರಡು ಚಮಚ ಉಣಿಸುವಷ್ಟರಲ್ಲಿ ತುಟಿ ಊದಿಕೊಂಡು, ಮೈಮೇಲೆ ಪಿತ್ತದ ಗಂಧೆಗಳು ಏಳುತ್ತವೆ. ಎರಡಕ್ಕೂ ನಾವು ‘ಹಾಲಿನ ಅಲರ್ಜಿ’ ಎಂದೇ ಹೇಳಿಬಿಡುತ್ತೇವೆ. ನಿಜದಲ್ಲಿ ಮೊದಲನೆಯದು ಅಲರ್ಜಿಯೇ ಅಲ್ಲ.

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಅದು ಸುಮಾರು 10 ಗ್ರಾಂ ಇರುತ್ತದೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಶೈಶವದಲ್ಲಿ ಸಣ್ಣ ಕರುಳಿನಲ್ಲಿ ಹೇರಳವಾಗಿದ್ದು, ಜಗತ್ತಿನ ಬಹುಪಾಲು ಜನರಲ್ಲಿ ಬೆಳೆಯುತ್ತ ಹೋದಂತೆ ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ಉಂಟುಮಾಡುತ್ತವೆ. ಇದರಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾತ್ರವಿಲ್ಲ, ಪ್ರಶ್ನೆಯಿರುವುದು ಪ್ರಮಾಣದ್ದು ಮಾತ್ರ. ಆದ್ದರಿಂದಲೇ ಲೋಟದ ಹಾಲು ಆಗದವರಿಗೆ ಕಾಫಿಗೆ ಬೆರೆಸಿದ ಹಾಲು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾಗಳೇ ಸಕ್ಕರೆಯ ಒಂದು ಪಾಲನ್ನು ಆಮ್ಲವಾಗಿಸಿರುವ ಮೊಸರನ್ನಂತೂ ಹಲವರು ನೆಮ್ಮದಿಯಿಂದ ಉಣ್ಣಬಹುದು. ಇಂಥವರು ಹೆದರಿ ಮಜ್ಜಿಗೆಯನ್ನೂ ಬಿಟ್ಟುಬಿಡುವುದನ್ನು ಕಂಡರೆ ಬೇಸರವಾಗುತ್ತದೆ.

ಕೂಸಿನ ಕಥೆ ಬೇರೆ. ಅದರ ದೇಹ ಹಾಲಿನ ಕೇಸೀನ್‌ನಂಥ ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ಗುರುತಿಸಿ, ಐಜಿಇ ಎಂಬ ಪ್ರತಿಕಾಯವನ್ನು ಮೊದಲೇ ಸಿದ್ಧಮಾಡಿಕೊಂಡಿರುತ್ತದೆ. ಹಾಲು ಸೋಕಿದೊಡನೆ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ಊತ, ತುರಿಕೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಇಲ್ಲಿ ಒಂದು ಚಮಚವೂ ಹೆಚ್ಚಾದೀತು. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲಿಯೂ ಮೊಸರಿನಲ್ಲಿಯೂ ಪ್ರೋಟೀನ್ ಉಳಿದಿರುತ್ತದೆ. ಹಿರಿಯರು ಪ್ರೀತಿಯಿಂದ ಸೂಚಿಸುವ ಆಡಿನ ಹಾಲೂ ಪರಿಹಾರವಲ್ಲ, ಏಕೆಂದರೆ ಎರಡರ ಪ್ರೋಟೀನುಗಳು ತೀರ ಹತ್ತಿರದವಾದ್ದರಿಂದ ಬಹುತೇಕ ಮಕ್ಕಳಲ್ಲಿ ಅದೂ ಅದೇ ಪ್ರತಿಕ್ರಿಯೆ ಎಬ್ಬಿಸುತ್ತದೆ. ಸಮಾಧಾನದ ಸಂಗತಿಯೆಂದರೆ, ಹೆಚ್ಚಿನ ಮಕ್ಕಳಲ್ಲಿ ಈ ಅಲರ್ಜಿ ಬೆಳೆಯುತ್ತ ತಾನಾಗಿ ಹೋಗುತ್ತದೆ.

‘ಮಗುವಿಗೆ ರೋಗನಿರೋಧಕ ಶಕ್ತಿ ಸಾಲದು, ಅದಕ್ಕೇ ಅಲರ್ಜಿ’ ಎಂದು ಕಷಾಯ, ಪುಡಿಗಳನ್ನು ಕುಡಿಸುವುದು ಇನ್ನೊಂದು ತಪ್ಪು. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ‘ಅಲರ್ಜಿ’ ಎಂಬ ಪದವನ್ನು ರೂಪಿಸಿದಾಗ ಸೂಚಿಸಿದ್ದು ದೇಹದ ಬದಲಾದ ಪ್ರತಿಕ್ರಿಯೆಯನ್ನೇ ಹೊರತು ದೌರ್ಬಲ್ಯವನ್ನಲ್ಲ. ಕಾವಲುಗಾರ ನೆಂಟನನ್ನು ಕಳ್ಳನೆಂದು ಹೊಡೆಯುತ್ತಿರುವಾಗ ಅವನ ಕೈಗೆ ಇನ್ನೂ ದಪ್ಪ ದೊಣ್ಣೆ ಕೊಟ್ಟು ಫಲವೇನು?

ಗಂಧೆಗಳ ಜೊತೆಗೆ ಉಸಿರಾಟದಲ್ಲಿ ಸಿಳ್ಳೆಯ ಸದ್ದು, ಪದೇಪದೇ ವಾಂತಿ ಅಥವಾ ಮಂಪರು ಕಂಡರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಪ್ರಾಣಕ್ಕೇ ಕುತ್ತು ತರಬಲ್ಲ ತೀವ್ರ ಅಲರ್ಜಿ. ಅಲರ್ಜಿಯ ಮಾತ್ರೆ ತುರಿಕೆಯನ್ನು ತಗ್ಗಿಸೀತೇ ವಿನಾ ಕಟ್ಟಿದ ಉಸಿರನ್ನು ಬಿಡಿಸಲಾರದು. ಆಗ ಬೇಕಾದುದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಮಾತ್ರೆ ಕೊಟ್ಟು ಕಾಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು.