ಲೋನ್ 'ಪಾಸಾತು' ಅಂದರೆ ಬ್ಯಾಂಕ್ ಮಾತು ಕೊಟ್ಟಂತೆಯೇ?

ನಮ್ಮ ವಿಜಯಪುರದ ಕಡೆ "ಲೋನ್ ಪಾಸಾತು" ಅನ್ನೋ ಮಾತಿಗೆ ಬಹಳ ತೂಕ. ತಿಕೋಟಾ ಹತ್ತಿರದ ನಮ್ಮ ಕಾಕಾ ಅದೇ ಮಾತು ನಂಬಿ ಒಣದ್ರಾಕ್ಷಿ ಘಟಕಕ್ಕೆ ಕೈ ಹಾಕಿದ್ದರು. ಬ್ಯಾಂಕಿನಿಂದ ಫೋನ್ ಬಂತು. "ಪಾಸ್ ಆಗೇತ್ರಿ, ಚಿಂತಿ ಬಿಡ್ರಿ." ಮರುದಿನವೇ ಕಾಕಾ ಮಷೀನಿನವರಿಗೆ ಒಂದು ಲಕ್ಷ ಸಂಚಕಾರ (ಮುಂಗಡ) ಕೊಟ್ಟರು. ಮೂರು ವಾರದ ಮೇಲೆ ಮಂಜೂರಾತಿ ಪತ್ರ ಬಂತು. ಕೇಳಿದ್ದು 12 ಲಕ್ಷ, ಅದರಲ್ಲಿ ಬರೆದಿದ್ದು 8 ಲಕ್ಷ. ಇನ್ನೊಬ್ಬ ಜಾಮೀನುದಾರ ಬೇಕು, ಅಣ್ಣತಮ್ಮಂದಿರ ಜಂಟಿ ಉತಾರ (ಹೊಲದ ಪಹಣಿ) ಬೇರೆ ಆಗಬೇಕು ಅಂತ ಷರತ್ತು ಬೇರೆ. ಅದೆಲ್ಲ ಮುಗಿಯುವಷ್ಟರಲ್ಲಿ ದ್ರಾಕ್ಷಿ ಸೀಸನ್ನೇ ಮುಗಿದಿತ್ತು. ಸಂಚಕಾರವೂ ಹೋಯಿತು.

"ಅವ್ರು ಮಾತು ಕೊಟ್ಟಿದ್ರಲ್ಲೋ?" ಅಂತ ಕಾಕಾ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ 150 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಭಾರತೀಯ ಕರಾರು ಕಾಯ್ದೆ ಬಂದಿದ್ದು 1872ರಲ್ಲಿ. ಆಗ ನಮ್ಮದು ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆ. ಇವತ್ತಿಗೂ ಬ್ಯಾಂಕಿನ ಮಂಜೂರಾತಿಯನ್ನು ಅಳೆಯುವುದು ಅದೇ ಕಾಯ್ದೆಯಿಂದ. ಒಬ್ಬರು ಕೇಳಬೇಕು, ಇನ್ನೊಬ್ಬರು ಒಪ್ಪಬೇಕು. ಆ ಒಪ್ಪಿಗೆ ಪೂರ್ತಿಯಾಗಿರಬೇಕು, ಷರತ್ತು ಹಚ್ಚಿರಬಾರದು ಅಂತ 7ನೇ ಕಲಮು ಹೇಳುತ್ತದೆ.

ಜನ ತಪ್ಪು ತಿಳಿಯುವುದು ಇಲ್ಲೇ. ಸಾಲದ ಅರ್ಜಿ ಅಂದರೆ ನಾವು ಕೇಳಿದ್ದು. ಮಂಜೂರಾತಿ ಪತ್ರವನ್ನು ಬ್ಯಾಂಕ್ ಒಪ್ಪಿದ್ದು ಅಂದುಕೊಳ್ಳುತ್ತೇವೆ. ಆದರೆ 12 ಲಕ್ಷದ ಬದಲು 8 ಲಕ್ಷ ಅಂತ ಬರೆದು, ಹೊಸ ಷರತ್ತು ಸೇರಿಸಿದರೆ ಅದು ಒಪ್ಪಿಗೆ ಅಲ್ಲ. ಅದು ಬ್ಯಾಂಕಿನ ಹೊಸ ಪ್ರಸ್ತಾವ. ಅದನ್ನು ಓದಿ, ಇನ್ನೊಂದು ಪ್ರತಿಯ ಮೇಲೆ ಸಹಿ ಮಾಡಿ ನಾವು ಹಿಂತಿರುಗಿಸಿದಾಗ ಕರಾರು ಹುಟ್ಟುತ್ತದೆ. ಅಂದರೆ ಕೊನೆಯ ಒಪ್ಪಿಗೆ ಬಹಳ ಸಲ ನಮ್ಮದೇ ಆಗಿರುತ್ತದೆ, ಬ್ಯಾಂಕಿನದಲ್ಲ. ಮ್ಯಾನೇಜರ್ ತಮ್ಮ ಫೈಲಿನಲ್ಲಿ 'ಮಂಜೂರು' ಅಂತ ಬರೆದುಕೊಂಡರೆ ಸಾಲದು. ಅದು ನಮಗೆ ತಿಳಿಸುವವರೆಗೆ ಅವರ ಮನೆಯೊಳಗಿನ ಮಾತು ಅಷ್ಟೇ.

ಹಾಗಾದರೆ ಫೋನಿನ ಮಾತಿಗೆ ಬೆಲೆಯೇ ಇಲ್ಲವಾ? ಇದೆ. 1965ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಭಗವಾನದಾಸ್ ಕೇಡಿಯಾ ಪ್ರಕರಣ ಹತ್ತಿಕಾಳಿನ ಹಿಂಡಿಯ ವ್ಯಾಪಾರದ್ದು. ಫೋನಿನಲ್ಲೇ ಕುದುರಿದ ವ್ಯವಹಾರ. ಒಪ್ಪಿಗೆಯ ಮಾತು ಕೇಳಿಸಿದ ಜಾಗದಲ್ಲೇ ಕರಾರು ಆಯಿತು ಅಂತ ಕೋರ್ಟ್ ಹೇಳಿತು. ಆದರೆ ಕಾಕಾಗೆ ಬಂದ ಫೋನಿನಲ್ಲಿ ಎಷ್ಟು ಹಣ, ಎಷ್ಟು ಬಡ್ಡಿ, ಯಾವ ಜಾಮೀನು ಅನ್ನೋ ಮಾತೇ ಇರಲಿಲ್ಲ. ಏನನ್ನು ಒಪ್ಪಿದರು ಅಂತಲೇ ಗೊತ್ತಾಗದ ಮಾತಿನ ಮೇಲೆ ಕರಾರು ನಿಲ್ಲುವುದಿಲ್ಲ.

ಪ್ರೊಸೆಸಿಂಗ್ ಫೀ ತುಂಬಿದ್ದೇವೆ, ಇನ್ನು ಕೊಡಲೇಬೇಕು ಅನ್ನುವವರೂ ಇದ್ದಾರೆ. ಇಲ್ಲಿ 1984ರ ಒಂದು ಜೀವವಿಮೆ ತೀರ್ಪು ನೆನಪಿಡಬೇಕು. ಒಬ್ಬರು ಅರ್ಜಿ ತುಂಬಿ, ಕಂತಿನ ಹಣವನ್ನೂ ಕೊಟ್ಟಿದ್ದರು. ವಿಮೆ ಮಂಜೂರಾಗುವ ಮೊದಲೇ ತೀರಿಕೊಂಡರು. ಹಣ ಇಟ್ಟುಕೊಂಡಿದ್ದು ಮಾತ್ರಕ್ಕೆ ಒಪ್ಪಿದಂತಾಗದು, ಸುಮ್ನೆ ಇದ್ದದ್ದೂ ಒಪ್ಪಿಗೆಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಓದಿದಾಗ ಹೊಟ್ಟೆ ಚುರುಕ್ ಅಂತು. ಸಾಲದ ಫೀಗೂ ಅದೇ ತರ್ಕ ಒಗ್ಗುತ್ತದೆ.

ಸರಿ, ಪತ್ರಕ್ಕೆ ಸಹಿ ಆಯಿತು, ಷರತ್ತೂ ಪೂರೈಸಿದೆವು. ಆಮೇಲೂ ಬ್ಯಾಂಕ್ ಹಣ ಬಿಡದಿದ್ದರೆ? ಇಲ್ಲಿ ಕಾನೂನು ಬಹಳ ಕಾಲ ಕೊಡುವವರ ಪರವಾಗಿಯೇ ಇತ್ತು ಅಂತ ನನಗನ್ನಿಸುತ್ತದೆ. ಸಾಲ ಕೊಡುತ್ತೇನೆ ಅಂದವನಿಂದ ಒತ್ತಾಯ ಮಾಡಿ ಸಾಲ ಕೊಡಿಸಲು ಆಗದು, ನಷ್ಟ ಆಗಿದ್ದರೆ ಪರಿಹಾರ ಕೇಳಬಹುದು ಅಂತ 1898ರಲ್ಲಿ ಇಂಗ್ಲೆಂಡಿನ ಆಗಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತ್ತು. ಹಣ ಬೇರೆ ಕಡೆಯೂ ಸಿಗುತ್ತದೆ ಅನ್ನೋದು ಅದರ ಹಿಂದಿನ ಯೋಚನೆ. ಹಂಗಾಮು ನೋಡಿ ಸಾಲ ಎತ್ತುವ ರೈತನಿಗೆ ಆ ಯೋಚನೆ ಹೊಂದುತ್ತದೆಯೇ? ಫೆಬ್ರುವರಿಯಲ್ಲಿ ಬೇಕಾದ ಹಣ ಜೂನಿನಲ್ಲಿ ಸಿಕ್ಕರೆ ಏನು ಪ್ರಯೋಜನ?

ಪರಿಹಾರಕ್ಕೂ ಮಿತಿ ಇದೆ. ಕರಾರು ಮುರಿದರೆ ಸಹಜವಾಗಿ ಆಗುವ ನಷ್ಟ, ಇಲ್ಲವೇ ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟ ಮಾತ್ರ ಸಿಗುತ್ತದೆ ಅನ್ನುತ್ತದೆ 73ನೇ ಕಲಮು. ಆದ್ದರಿಂದ ಹಣ ಯಾಕೆ ಬೇಕು, ಯಾವ ತಿಂಗಳೊಳಗೆ ಬೇಕು ಅಂತ ಅರ್ಜಿಯಲ್ಲೇ ಬರೆದಿಡುವುದು ಒಳ್ಳೇದು.

ನಮ್ಮ ದೇಶದಲ್ಲಿ ಗಾಳಿ ಸ್ವಲ್ಪ ತಿರುಗಿದ್ದು 1983ರಲ್ಲಿ. ಗುಜರಾತ್ ರಾಜ್ಯ ಹಣಕಾಸು ನಿಗಮ ಒಂದು ಹೋಟೆಲ್ ಕಂಪನಿಗೆ ಸುಮಾರು 30 ಲಕ್ಷ ಸಾಲ ಮಂಜೂರು ಮಾಡಿ, ಆಮೇಲೆ ಕೊಡುವುದಿಲ್ಲ ಅಂತು. ಅದನ್ನು ನಂಬಿ ಕಂಪನಿ ಕೆಲಸ ಶುರು ಮಾಡಿತ್ತು. ಇದು ಲೋಟಸ್ ಹೋಟೆಲ್ಸ್ ಪ್ರಕರಣ. ಮಾತು ಕೊಟ್ಟು, ಎದುರಿನವರು ಅದನ್ನು ನಂಬಿ ಹೆಜ್ಜೆ ಇಟ್ಟ ಮೇಲೆ ಸರ್ಕಾರಿ ಸಂಸ್ಥೆ ಹಿಂದೆ ಸರಿಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿಜಕ್ಕೂ ದೊಡ್ಡ ತೀರ್ಪು. ಆದರೆ ಅದು ಸರ್ಕಾರಿ ಸಂಸ್ಥೆಯ ಮೇಲೆ ಬಂದದ್ದು. ಆ ದಾರಿ ಹಿಡಿಯಲು ನಾವು ಕಲಬುರಗಿ ಹೈಕೋರ್ಟ್ ಪೀಠಕ್ಕೆ ಹೋಗಬೇಕು, ಬೆಳಗಾವಿ, ಬಾಗಲಕೋಟೆಯವರು ಧಾರವಾಡಕ್ಕೆ. ಎಂಟು ಲಕ್ಷದ ಸಾಲಕ್ಕೆ ಯಾರು ಹೋಗುತ್ತಾರೆ?

ಸಾಮಾನ್ಯ ಜನರ ಕೈಗೆ ಏನಾದರೂ ಸಿಕ್ಕಿದ್ದು ರಿಸರ್ವ್ ಬ್ಯಾಂಕಿನ ನಿಯಮಗಳಿಂದ. 2003ರ ನಿಯಮದ ಪ್ರಕಾರ ಬ್ಯಾಂಕ್ ಷರತ್ತುಗಳನ್ನು ಬರಹದಲ್ಲಿ ಕೊಡಬೇಕು, ಸಾಲಗಾರ ಒಪ್ಪಿದ್ದನ್ನು ದಾಖಲೆಯಲ್ಲಿ ಇಡಬೇಕು, ಮಂಜೂರಾದ ಹಣವನ್ನು ಹೊತ್ತಿಗೆ ಸರಿಯಾಗಿ ಬಿಡಬೇಕು. ಏಪ್ರಿಲ್ 2024ರಲ್ಲಿ ಇನ್ನೂ ಎರಡು ಸುತ್ತೋಲೆ ಬಂದವು. ಒಂದರಲ್ಲಿ, ಮಂಜೂರಾದ ದಿನದಿಂದಲೇ ಬಡ್ಡಿ ಎಣಿಸುವುದು ತಪ್ಪು, ಹಣ ಕೈಗೆ ಕೊಟ್ಟ ದಿನದಿಂದ ಎಣಿಸಬೇಕು ಅಂತ ಹೇಳಿತು. ಯೋಚಿಸಿ, ಹಣ ಬಿಡುವ ಮೊದಲೇ ಬಡ್ಡಿ ಹಾಕುವವರೂ ಇದ್ದರು.

ಇನ್ನೊಂದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಅಕ್ಟೋಬರ್ 1, 2024ರಿಂದ ಮಂಜೂರಾಗುವ ವೈಯಕ್ತಿಕ ಬಗೆಯ ಸಾಲಗಳಿಗೆ, ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಬಡ್ಡಿ, ಫೀ, ಕಂತು ಎಲ್ಲ ಅದರಲ್ಲಿ ಇರಬೇಕು. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಏಳು ದಿನ ಅಥವಾ ಅದಕ್ಕಿಂತ ಜಾಸ್ತಿ ಅವಧಿಯ ಸಾಲವಾದರೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಅಷ್ಟರೊಳಗೆ ನಾವು ಒಪ್ಪಿದರೆ, ಅದರಲ್ಲಿ ಬರೆದ ಷರತ್ತುಗಳಿಗೆ ಬ್ಯಾಂಕ್ ಬದ್ಧ. 'ಬದ್ಧ' ಅನ್ನೋ ಮಾತು ಕೊಡುವವರ ಮೇಲೆ ಇಷ್ಟು ನೇರವಾಗಿ ಬರಲು ಎಷ್ಟು ವರ್ಷ ಬೇಕಾಯಿತು ನೋಡಿ.

ಒಂದು ಎಚ್ಚರ ಬೇಕು. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಪತ್ತಿನ ಸಹಕಾರಿ ಸಂಘಗಳು, ಸೌಹಾರ್ದಗಳು ಓಣಿಗೊಂದು ಇವೆ. ಅವು ರಿಸರ್ವ್ ಬ್ಯಾಂಕಿನ ಕೈಕೆಳಗೆ ಬರುವುದಿಲ್ಲ, ಹಾಗಾಗಿ ಈ ನಿಯಮ ಅಲ್ಲಿ ನಡೆಯದು. ಅಲ್ಲಿ ಹಳೇ 1872ರ ಕಾಯ್ದೆಯೇ ಗತಿ. ಷರತ್ತುಗಳನ್ನು ಬರೆಸಿಕೊಂಡು, ಸಹಿ ಇರುವ ಪ್ರತಿ ಇಟ್ಟುಕೊಳ್ಳಲೇಬೇಕು.

ಈ ಸಲ ಕಾಕಾ ಬೇರೆ ಬ್ಯಾಂಕಿಗೆ ಅರ್ಜಿ ಹಾಕಿದ್ದಾರೆ. ಮಷೀನಿನವರು ಆಗಲೇ ಎರಡು ಸಲ ಫೋನ್ ಮಾಡಿ ಸಂಚಕಾರ ಕೇಳಿದರಂತೆ. "ಕಾಗದ ಕೈಗೆ ಬರ್ಲಿ. ಹುಡುಗನ ಕಡೆ ಓದ್ಸಿ, ಸಹಿ ಮಾಡಿದ ಮ್ಯಾಲೆ ಕೊಡ್ತೀನಿ" ಅಂದಿದ್ದಾರೆ.