ಹಳ್ಳಿಯ ಹೊಣೆ ಹೊತ್ತರೆ ವಿಜ್ಞಾನ ಬಿಟ್ಟಂತೆಯೇ?

ಪ್ರಶ್ನೆ: ಕೃಷಿಯಲ್ಲಿ ಪಿಎಚ್‌.ಡಿ. ಮಾಡಿದವರು ಗ್ರಾಮೀಣಾಭಿವೃದ್ಧಿಯ ನಾಯಕತ್ವ ವಹಿಸಿಕೊಂಡರೆ ಅವರ ಸಂಶೋಧನೆ ಅಲ್ಲಿಗೇ ಮುಗಿದಂತಲ್ಲವೇ?

ಉತ್ತರ: ಕೃಷಿ ಪದವೀಧರರೂ ಅವರ ಹೆತ್ತವರೂ ಈ ಪ್ರಶ್ನೆಯನ್ನು ಕೇಳುತ್ತಲೇ ಇದ್ದಾರೆ, ನಾನೂ ಅದೇ ಉತ್ತರವನ್ನು ಬರೆಯುತ್ತಲೇ ಇದ್ದೇನೆ: ಮುಗಿಯುವುದಿಲ್ಲ. ಕೃಷಿ ಸಂಶೋಧನೆಯನ್ನು ಜಿಲ್ಲೆಯ ರೈತರಿಗೆ ತಲುಪಿಸುವ ಕೃಷಿ ವಿಜ್ಞಾನ ಕೇಂದ್ರಕ್ಕೆ ವಿಷಯ ತಜ್ಞರಾಗಿ ಸೇರಿ, ಅನುಭವ ಗಳಿಸಿ, ಹಿರಿಯ ವಿಜ್ಞಾನಿ ಮತ್ತು ಮುಖ್ಯಸ್ಥರ ಹುದ್ದೆಗೆ ಅರ್ಜಿ ಹಾಕುವ ದಾರಿ ನಿಮಗೆ ಗೊತ್ತಿರುವುದೇ. ಆದರೆ ಪ್ರಯೋಗಾಲಯದಲ್ಲಿ ನಡೆಯುವುದು ವಿಜ್ಞಾನ, ಊರಿನಲ್ಲಿ ನಡೆಯುವುದು ಬರೀ ಆಡಳಿತ ಎಂಬ ನಂಬಿಕೆಯನ್ನು ಬೇರುಸಹಿತ ಕೀಳಬೇಕಾಗಿದೆ.

ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದಾಗ ಕೀಟ ಮತ್ತು ಶಿಲೀಂಧ್ರಗಳ ತಜ್ಞರಾಗಿದ್ದರು. ಮಳೆಗಾಲದಲ್ಲಿ ಅಡಿಕೆಯ ಎಳೆಗಾಯಿಗಳನ್ನು ಉದುರಿಸುತ್ತಿದ್ದ ಕೊಳೆರೋಗವನ್ನು ಅಧ್ಯಯನ ಮಾಡಿ, ಅದಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದ ಅವರು, ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರೂ ಆದರು.

ಆ ದ್ರಾವಣವನ್ನೇ ಹತ್ತಿರದಿಂದ ನೋಡಿ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ಇಷ್ಟನ್ನು ಪ್ರಯೋಗಾಲಯ ಹೇಳಿಕೊಡುತ್ತದೆ. ಆದರೆ ಮುಂಗಾರು ಹಿಡಿಯುವ ಮೊದಲು ತುತ್ತ ಊರಿಗೆ ತಲುಪಿರಬೇಕು, ಮರ ಹತ್ತಿ ಗೊನೆ ನೆನೆಯುವಂತೆ ಮದ್ದು ಹೊಡೆಯಬಲ್ಲ ಕೊನೆಗಾರರು ಸಿಗಬೇಕು, ಸಣ್ಣ ಹಿಡುವಳಿದಾರನ ಕೈಯಲ್ಲಿ ಆ ಹೊತ್ತಿಗೆ ಹಣವಿರಬೇಕು. ಮಳೆಹನಿ ಮತ್ತು ಗಾಳಿಯ ಮೂಲಕ ಹರಡುವ ರೋಗಕ್ಕೆ ಬೇಲಿಯ ಲೆಕ್ಕವಿಲ್ಲವಾದ್ದರಿಂದ ಪಕ್ಕದ ತೋಟದವರೂ ಒಪ್ಪಬೇಕು. ಯಾವ ವಾರ ತಪ್ಪಿದರೆ ಬೆಳೆ ಹೋಗುತ್ತದೆ ಎಂಬುದು ರೋಗಾಣುವಿನ ಜೀವನಚಕ್ರ ಬಲ್ಲವರಿಗೆ ತಿಳಿಯುತ್ತದೆ. ಹಣ, ಸಾಮಗ್ರಿ ಮತ್ತು ಜನರನ್ನು ಆ ವಾರಕ್ಕೆ ಹೊಂದಿಸುವುದೇ ನಾಯಕತ್ವ. ಇವೆರಡನ್ನೂ ಬೇರ್ಪಡಿಸಿ ಒಂದಕ್ಕೆ ಮಾತ್ರ ವಿಜ್ಞಾನವೆಂಬ ಗೌರವ ಕೊಡುವುದನ್ನು ನಾನು ಒಪ್ಪಲಾರೆ.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಕೋಲ್ಮನ್ ಬರುವ ಮೊದಲು ಬೆಳೆಗಾರರು ಏನು ಮಾಡುತ್ತಿದ್ದರು ಎಂದು ಯಾರೂ ಕೇಳುವುದಿಲ್ಲವಲ್ಲ ಎಂಬುದು ನನ್ನನ್ನು ಕಾಡುತ್ತದೆ. ಅವರು ಗೊನೆಗಳಿಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುತ್ತಿದ್ದರು. ಗೊನೆಯ ಮೇಲೆ ಮಳೆನೀರು ಬೀಳದಿದ್ದರೆ ಕೊಳೆ ಬಾರದು ಎಂಬ ತಿಳುವಳಿಕೆ ಆ ಹೊದಿಕೆಯಲ್ಲೇ ಇತ್ತು. ಪ್ರತಿ ಮರ ಹತ್ತಿ ಒಂದೊಂದೇ ಗೊನೆಗೆ ಕಟ್ಟುವ ಶ್ರಮ ಮಾತ್ರ ಅಪಾರವಾಗಿತ್ತು. ಊರಿಗೆ ಹೊಸದಾಗಿ ಬರುವ ವಿಜ್ಞಾನಿ ಮೊದಲು ವಿಚಾರಿಸಬೇಕಾದದ್ದು ಇಂಥವನ್ನೇ. ಈಗಲೂ ಪ್ಲಾಸ್ಟಿಕ್ ಹಾಳೆಯಿಂದ ಕೊಟ್ಟೆ ಕಟ್ಟುವವರಿದ್ದಾರೆ. ಅಂಥ ಒಂದು ತೋಟವನ್ನೂ ಮದ್ದು ಹೊಡೆದ ಇನ್ನೊಂದನ್ನೂ ಅಕ್ಕಪಕ್ಕದಲ್ಲಿಟ್ಟು, ಮಳೆಗಾಲವಿಡೀ ಉದುರಿದ ಕಾಯಿ ಎಣಿಸಿ, ಕೂಲಿಯ ಖರ್ಚನ್ನೂ ಸೇರಿಸಿ ಲೆಕ್ಕ ಬರೆಯಬೇಕೆಂದರೆ, ಆ ಬೆಳೆಗಾರರಿಬ್ಬರ ವಿಶ್ವಾಸ ಗಳಿಸಿದ ಕೇಂದ್ರದ ಮುಖ್ಯಸ್ಥರಿಗಿಂತ ಅನುಕೂಲ ಇನ್ನಾರಿಗಿದೆ?